ಚಿಲ್ಲರ್‌ನ ಗ್ಯಾಸ್ ಬೇಗ ತೆಗೆಯುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಚಿಲ್ಲರ್‌ಗಳ ಕುರಿತು ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕೆಲಸದ ಸುತ್ತ ಇದ್ದವು. ರಿಪೇರಿಗೆ ಮೊದಲು ಯಂತ್ರದೊಳಗಿನ ಶೀತಕವನ್ನು ಸಿಲಿಂಡರ್‌ಗೆ ತುಂಬಿಸಿಕೊಳ್ಳುವ ಆ ಕೆಲಸಕ್ಕೆ ನಮ್ಮವರು ‘ಗ್ಯಾಸ್ ರಿಕವರಿ’ ಎನ್ನುತ್ತಾರೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನಾನು ಎ.ಸಿ. ಸರ್ವಿಸ್ ಸಂಸ್ಥೆಯೊಂದರಲ್ಲಿ ಮೇಲ್ವಿಚಾರಕ. ಹೊರವರ್ತುಲ ರಸ್ತೆಯ ಕಚೇರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನೀರಿನಿಂದ ತಂಪಾಗುವ, 300 ಟನ್ ತಂಪುಮಾಡುವ ಸಾಮರ್ಥ್ಯದ ಸ್ಕ್ರೂ ಚಿಲ್ಲರ್ ಇದೆ. ಕೂಲರ್‌ನ (ಕಟ್ಟಡಕ್ಕೆ ಹೋಗುವ ನೀರು ತಣ್ಣಗಾಗುವ ಭಾಗ) ಸವೆದ ಟ್ಯೂಬ್‌ಗಳನ್ನು ಬದಲಾಯಿಸುವುದಕ್ಕಾಗಿ ಚಿಲ್ಲರ್‌ನಲ್ಲಿದ್ದ 280 ಕಿಲೊ ಆರ್-134ಎ ಶೀತಕವನ್ನು ತೆಗೆಯಬೇಕಾಗಿತ್ತು. ಶನಿವಾರ ರಾತ್ರಿ 10ಕ್ಕೆ ಆರಂಭಿಸಿದ ಕೆಲಸ ಭಾನುವಾರ ರಾತ್ರಿ 9ಕ್ಕೆ ಮುಗಿಯಿತು. ರಿಕವರಿ ಮಷೀನಿನ ಫಲಕದಲ್ಲಿ ನಿಮಿಷಕ್ಕೆ ಆವಿ 0.25 ಕಿಲೊ, ದ್ರವ 2 ಕಿಲೊ, ಪುಶ್-ಪುಲ್ 6 ಕಿಲೊ ಎಂದು ಬರೆದಿದೆ. ಕಾಲಿಂಚಿನ ಹೋಸನ್ನು ಕಂಡೆನ್ಸರ್‌ನ (ಶೀತಕದ ಆವಿ ಶಾಖ ಬಿಟ್ಟು ದ್ರವವಾಗುವ ಭಾಗ) ಮೇಲಿನ ವಾಲ್ವಿಗೆ ಸಿಕ್ಕಿಸಿದ್ದೆವು, ನೀರಿನ ಪಂಪುಗಳನ್ನು ನಿಲ್ಲಿಸಿದ್ದೆವು. ಮಧ್ಯರಾತ್ರಿಯ ಹೊತ್ತಿಗೆ ಕೂಲರ್‌ನ ಹೊರಮೈಯಲ್ಲಿ ಮಂಜು ಕಟ್ಟಿತ್ತು. ದೊಡ್ಡ ಮಷೀನ್ ಕೊಳ್ಳುವುದು ಒಳ್ಳೆಯದೇ? (ಓದುಗರು, ಪೀಣ್ಯ)

ಉತ್ತರ: ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಟ್ಟು, 280ನ್ನು 0.25ರಿಂದ ಭಾಗಿಸಿ ನೋಡಿ. 1,120 ನಿಮಿಷ ಬರುತ್ತದೆ, ಅಂದರೆ ಹದಿನೆಂಟೂವರೆ ಗಂಟೆಗೂ ತುಸು ಹೆಚ್ಚು. ಸಿಲಿಂಡರ್ ಬದಲಿಸಿದ ಹೊತ್ತು, ಊಟ, ಚಹಾ ಎಲ್ಲವನ್ನೂ ಸೇರಿಸಿದರೆ ನಿಮ್ಮ ಇಪ್ಪತ್ತಮೂರು ಗಂಟೆಯ ಲೆಕ್ಕ ಸರಿಹೋಗುತ್ತದೆ. ಮಷೀನ್ ತನ್ನ ಮಾತು ಉಳಿಸಿಕೊಂಡಿದೆ. ಫಲಕದ ಮೂರು ಅಂಕಿಗಳಲ್ಲಿ ಅತಿ ಚಿಕ್ಕದನ್ನೇ ನೀವು ಇಡೀ ಕೆಲಸಕ್ಕೆ ಆರಿಸಿಕೊಂಡಿರಿ, ಏಕೆಂದರೆ ಕಂಡೆನ್ಸರ್‌ನ ಮೇಲಿನ ವಾಲ್ವಿನಲ್ಲಿ ಸಿಗುವುದು ಆವಿ ಮಾತ್ರ.

ರಿಕವರಿ ಮಷೀನಿನ ಪಿಸ್ಟನ್ ಒಂದು ಸುತ್ತಿಗೆ ಇಂತಿಷ್ಟು ಗಾತ್ರವನ್ನು ಎಳೆದುಕೊಳ್ಳುತ್ತದೆ. ಆ ಗಾತ್ರದಲ್ಲಿ ಎಷ್ಟು ತೂಕ ಇರುತ್ತದೆಂಬುದು ಅದರ ಕೈಯಲ್ಲಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್-134ಎ ದ್ರವ ಘನ ಮೀಟರಿಗೆ ಸುಮಾರು 1,207 ಕಿಲೊ ತೂಗಿದರೆ, ಅದೇ ಉಷ್ಣತೆಯ ಆವಿ ಸುಮಾರು 32 ಕಿಲೊ ತೂಗುತ್ತದೆ. ಚಿಲ್ಲರ್ ಒಳಗೆ ತಣ್ಣಗಾಗುತ್ತಾ 0 ಡಿಗ್ರಿಗೆ ಇಳಿದರೆ ಆವಿಯ ತೂಕ 14 ಕಿಲೊಗೆ ಬರುತ್ತದೆ. ಹೀಗಾಗಿ ಆವಿಯನ್ನೇ ಎಳೆಯುತ್ತಾ ಕುಳಿತವನ ಕೆಲಸ ಆರಂಭದಲ್ಲಿ ನಿಧಾನವಾಗಿರುತ್ತದೆ, ಗಂಟೆಗಳು ಕಳೆದಂತೆ ಇನ್ನೂ ನಿಧಾನವಾಗುತ್ತದೆ. ದ್ರವ ರೂಪದಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನೂ ಮೊದಲು ತೆಗೆದುಬಿಡಬೇಕು. ಆವಿಯ ಪಾಲಿಗೆ ಕೊನೆಯ ಮೂವತ್ತು ನಲವತ್ತು ಕಿಲೊ ಮಾತ್ರ ಉಳಿಯಬೇಕು.

ಅದಕ್ಕೆ ದ್ರವ ಎಲ್ಲಿ ನಿಂತಿದೆ ಎಂಬುದನ್ನು ಮೊದಲು ತಿಳಿಯಬೇಕು. ಚಿಲ್ಲರ್ ನಿಂತ ಮೇಲೆ ಶೀತಕ ತನ್ನಷ್ಟಕ್ಕೆ ಅತಿ ತಣ್ಣನೆಯ ಜಾಗಕ್ಕೆ ಹೋಗಿ ಸೇರುತ್ತದೆ, ಅದು ಸಾಮಾನ್ಯವಾಗಿ ಕೂಲರ್. ಅದರ ತಳದಲ್ಲಿ ಶೀತಕ ತುಂಬಲು ಮತ್ತು ತೆಗೆಯಲು ಒಂದು ವಾಲ್ವ್ ಇರುತ್ತದೆ. ಪುಶ್-ಪುಲ್ ವಿಧಾನದಲ್ಲಿ ಆ ತಳದ ವಾಲ್ವಿನಿಂದ ಒಂದು ಹೋಸ್ ನೇರವಾಗಿ ಸಿಲಿಂಡರ್‌ನ ದ್ರವದ ಬಾಯಿಗೆ ಹೋಗುತ್ತದೆ. ಸಿಲಿಂಡರ್‌ನ ಆವಿಯ ಬಾಯಿಯಿಂದ ಇನ್ನೊಂದು ಹೋಸ್ ಮಷೀನಿನ ಒಳಬಾಯಿಗೆ ಬರುತ್ತದೆ. ಮಷೀನಿನ ಹೊರಬಾಯಿಯಿಂದ ಮೂರನೆಯದು ಕೂಲರ್‌ನ ಮೇಲ್ಭಾಗಕ್ಕೆ ಹೋಗುತ್ತದೆ. ಮಷೀನ್ ಸಿಲಿಂಡರ್‌ನ ಆವಿಯನ್ನು ಹೀರಿ, ಒತ್ತಿ, ಕೂಲರ್‌ನ ನೆತ್ತಿಯ ಮೇಲೆ ಬಿಡುತ್ತದೆ. ಸಿಲಿಂಡರ್‌ನಲ್ಲಿ ಒತ್ತಡ ಇಳಿದು ಕೂಲರ್‌ನಲ್ಲಿ ಏರುವುದರಿಂದ ದ್ರವ ಮಷೀನನ್ನು ಮುಟ್ಟದೆಯೇ ಸಿಲಿಂಡರ್‌ಗೆ ಹರಿಯುತ್ತದೆ. ದ್ರವದ ಹೋಸಿನ ನಡುವೆ ಒಂದು ಗಾಜಿನ ಕಿಂಡಿ ಇದ್ದರೆ ಹರಿವು ಕಣ್ಣಿಗೆ ಕಾಣುತ್ತದೆ, ದ್ರವ ಮುಗಿದು ಗುಳ್ಳೆಗಳು ಓಡಲು ಆರಂಭಿಸಿದ ಕ್ಷಣವೂ ತಿಳಿಯುತ್ತದೆ. 280ರಲ್ಲಿ 240 ಕಿಲೊ ಹೀಗೆ ಬಂದರೂ, ನಿಮಿಷಕ್ಕೆ 6ರ ಲೆಕ್ಕದಲ್ಲಿ ಅದು ನಲವತ್ತು ನಿಮಿಷದ ಕೆಲಸ.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಈ ಹರಿವು ಒಮ್ಮೆ ಹಿಡಿದ ಮೇಲೆ ಮಷೀನಿನ ಸ್ವಿಚ್ ಆರಿಸಿದರೂ ನಿಲ್ಲುವುದಿಲ್ಲ. ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ಕೊಳವೆಯಲ್ಲಿ ಬಾಯಿಂದ ಎಳೆದು ಬಿಟ್ಟಾಗ ಅದು ಹರಿಯುತ್ತಲೇ ಇರುತ್ತಿತ್ತಲ್ಲ, ಹಾಗೆಯೇ ಇದು. ಸಿಲಿಂಡರ್ ತುಂಬಿದಾಗ ಮಷೀನ್ ತಾನಾಗಿ ನಿಲ್ಲುವ ವ್ಯವಸ್ಥೆ ಇದೆಯೆಂದು ನೆಚ್ಚಿ ಕೂರಬಾರದು. ಸಿಲಿಂಡರ್ ತಕ್ಕಡಿಯ ಮೇಲೇ ಇರಬೇಕು, ಒಬ್ಬನ ಕಣ್ಣು ಅಂಕಿಯ ಮೇಲೆ ಇರಬೇಕು, ಹೊತ್ತಿಗೆ ಸರಿಯಾಗಿ ದ್ರವದ ವಾಲ್ವನ್ನು ಕೈಯಿಂದಲೇ ಮುಚ್ಚಬೇಕು.

ನಿಮ್ಮ ಚಿಲ್ಲರ್‌ನ ಕಂಡೆನ್ಸರ್‌ಗೆ ಎರಡೂ ಕಡೆ ಮುಚ್ಚುವ ವಾಲ್ವ್‌ಗಳಿದ್ದು, ತಯಾರಕರ ಕೈಪಿಡಿ ಅನುಮತಿಸುವುದಾದರೆ, ಇನ್ನೂ ಸುಲಭದ ದಾರಿ ಇದೆ. ಶನಿವಾರ ಚಿಲ್ಲರ್ ನಿಲ್ಲಿಸುವ ಮೊದಲು, ಎರಡೂ ಬದಿಯ ನೀರು ಹರಿಯುತ್ತಿರುವಾಗಲೇ, ಅದರ ಸ್ವಂತ ಕಂಪ್ರೆಸರ್‌ನಿಂದ ಪಂಪ್‌ಡೌನ್ ಮಾಡಿ ಶೀತಕವನ್ನೆಲ್ಲ ಕಂಡೆನ್ಸರ್‌ಗೆ ಸೇರಿಸಿ. ಕಂಡೆನ್ಸರ್‌ಗೆ ಅಷ್ಟನ್ನೂ ಹಿಡಿಸುವ ಜಾಗವಿದ್ದರೆ ಕೂಲರ್‌ನ ಟ್ಯೂಬ್ ಕೆಲಸಕ್ಕೆ ಸಿಲಿಂಡರ್‌ಗಳೇ ಬೇಕಾಗದಿರಬಹುದು. ಉಳಿದ ಆವಿಯನ್ನಷ್ಟೇ ತೆಗೆದರೆ ಸಾಕು. ಕೈಪಿಡಿಯ ಈ ಪುಟವನ್ನು ತಿರುವಿ ನೋಡದೆ ಇಡೀ ಗ್ಯಾಸ್ ತೆಗೆದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಮಂಜಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಳವಳಕ್ಕೆ ಈಡುಮಾಡಿದ್ದು ಆ ಒಂದು ವಾಕ್ಯ. ದ್ರವ ಆವಿಯಾಗಲು ಶಾಖ ಬೇಕು, ಅದನ್ನು ಹೊರಗಿನಿಂದ ಕೊಡದಿದ್ದರೆ ಸುತ್ತಲಿನ ಲೋಹದಿಂದ, ಟ್ಯೂಬ್‌ನೊಳಗೆ ನಿಂತ ನೀರಿನಿಂದ ಕಿತ್ತುಕೊಳ್ಳುತ್ತದೆ. ಆರ್-134ಎ ಒಂದು ಕಿಲೊ ಆವಿಯಾಗಲು 0 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು 195 ಕಿಲೊಜೌಲ್ ಬೇಕು. ನೂರು ಕಿಲೊಗೆ ಅದು ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಐದೂವರೆ ಯೂನಿಟ್‌ನಷ್ಟು ಶಾಖ. ನೆಲಮಾಳಿಗೆಯ ನಿಂತ ಗಾಳಿ ಅಷ್ಟನ್ನು ಗಂಟೆಗಟ್ಟಲೆ ಕೊಸರಾಡಿ ಕೊಡುತ್ತದೆ. ಆದರೆ ನಿಮ್ಮ ಪಕ್ಕದಲ್ಲೇ ಇಡೀ ಕಟ್ಟಡದ ಪೈಪುಗಳಲ್ಲಿ ಟನ್ನುಗಟ್ಟಲೆ ನೀರಿತ್ತು. ಸಾವಿರ ಲೀಟರ್ ನೀರು ನಾಲ್ಕೂವರೆ ಡಿಗ್ರಿಯಷ್ಟು ತಣ್ಣಗಾದರೆ ಆ ನೂರು ಕಿಲೊ ಆವಿಯಾಗಿಬಿಡುತ್ತದೆ. ಪಂಪ್ ಚಾಲನೆಯಲ್ಲಿದ್ದಿದ್ದರೆ ಅದೇ ಮಷೀನ್, ಅದೇ ಹೋಸ್, ಆದರೆ ಒಳಗಿನ ಆವಿ 14 ಕಿಲೊ ಸಾಂದ್ರತೆಗೆ ಕುಸಿಯದೆ 25-30ರ ನಡುವೆ ನಿಲ್ಲುತ್ತಿತ್ತು, ಕೆಲಸ ಅರ್ಧ ಹೊತ್ತಿನಲ್ಲಿ ಆಗುತ್ತಿತ್ತು.

ಪಂಪ್ ನಿಲ್ಲಿಸಿದ್ದರ ಕೇಡು ನಿಧಾನಕ್ಕೆ ಮಾತ್ರ ಸೀಮಿತವಲ್ಲ. ಒಳಗೆ ದ್ರವವಿರುವಾಗ ಬೆಂಗಳೂರಿನ ಗೇಜಿನಲ್ಲಿ ಸುಮಾರು 2 ಬಾರ್, ಅಂದರೆ 29 ಪಿಎಸ್‌ಐ ಕಂಡರೆ ಆರ್-134ಎ ಸರಿಯಾಗಿ 0 ಡಿಗ್ರಿಯಲ್ಲಿದೆ ಎಂದರ್ಥ. ಅದಕ್ಕಿಂತ ಇಳಿದರೆ ಟ್ಯೂಬ್‌ನೊಳಗೆ ನಿಂತ ನೀರು ಹೆಪ್ಪುಗಟ್ಟಿ, ಹಿಗ್ಗಿ, ತಾಮ್ರವನ್ನು ಸೀಳುತ್ತದೆ. ಹಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಕೆಲಸದ ನಂತರ ಚಿಲ್ಲರ್ ತಳದ ವಾಲ್ವ್ ತೆರೆದಾಗ, ಹೊರಬಂದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ, ಎಣ್ಣೆಯೂ ನೀರೂ ಕಲಸಿಹೋದ ದ್ರವ. ಬಕೆಟ್ ಹಿಡಿದಿದ್ದ ಹುಡುಗ ಅದನ್ನು ನೋಡಿ ನನ್ನ ಮುಖ ನೋಡಿದ; ನಮ್ಮಿಬ್ಬರಲ್ಲಿ ಯಾರಿಗೂ ಮಾತು ಬರಲಿಲ್ಲ. ಎರಡು ಟ್ಯೂಬ್ ಬದಲಾಯಿಸಲು ಹೋಗಿ ಕಂಪ್ರೆಸರ್ ಬಿಚ್ಚುವ ಗತಿ ಬಂತು. ನಿಮ್ಮ ಕೂಲರ್‌ಗೆ ಹಾಗಾಗಿಲ್ಲ ಎಂದುಕೊಳ್ಳುತ್ತೇನೆ, ಆದರೂ ಗ್ಯಾಸ್ ತುಂಬುವ ಮೊದಲು ನೈಟ್ರೊಜನ್ ಒತ್ತಡದಲ್ಲಿ ಎಲ್ಲ ಟ್ಯೂಬ್‌ಗಳನ್ನೂ ಪರೀಕ್ಷಿಸಿ.

ಪಂಪ್ ಓಡಿಸಿ ಎನ್ನುವ ಮಾತಿಗೆ ಒಂದೇ ಒಂದು ಅಪವಾದವಿದೆ: ಟ್ಯೂಬ್ ಆಗಲೇ ಸೋರುತ್ತಿದೆಯೆಂದು ಗೊತ್ತಿದ್ದರೆ ನೀರು ಹರಿಸಬಾರದು. ಶೀತಕದ ಒತ್ತಡ ನೀರಿನ ಒತ್ತಡಕ್ಕಿಂತ ಕೆಳಗಿಳಿದೊಡನೆ ನೀರು ಒಳನುಗ್ಗುತ್ತದೆ. ಅಂಥ ಚಿಲ್ಲರ್‌ನ ನೀರನ್ನು ಪೂರ್ತಿ ಬಸಿದು, ಟ್ಯೂಬ್‌ಗಳೊಳಗೆ ಗಾಳಿ ಊದಿ ಒಣಗಿಸಿ, ಹೊರಗಿನಿಂದ ಬೆಚ್ಚನೆ ಗಾಳಿ ಹಾಯಿಸುತ್ತಾ ಕೆಲಸ ಮಾಡಬೇಕು.

ಹೋಸಿನ ಬಗ್ಗೆ ಕಡಿಮೆ ಮಾತು ಸಾಕು. ಕಾಲಿಂಚಿನದರ ಬದಲು ಮೂರೆಂಟಾಂಶ ಇಂಚಿನ ಹೋಸ್ ಹಾಕಿದರೆ ಒಳಹಾದಿಯ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ, ಅದೇ ಒತ್ತಡದಲ್ಲಿ ಹರಿವು ಎರಡೂವರೆ ಪಟ್ಟಿಗೂ ಹೆಚ್ಚುತ್ತದೆ. ಉದ್ದ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಗೇಜ್ ಮ್ಯಾನಿಫೋಲ್ಡ್‌ನ ಕಿರಿದಾದ ರಂಧ್ರಗಳ ಮೂಲಕ ಶೀತಕವನ್ನು ಹಾಯಿಸಬೇಡಿ, ಅದನ್ನು ಒತ್ತಡ ನೋಡಲು ಮಾತ್ರ ಪಕ್ಕಕ್ಕೆ ಜೋಡಿಸಿ. ಸರ್ವಿಸ್ ಬಾಯಿಯಲ್ಲಿ ಲವಂಗದಷ್ಟು ಉದ್ದದ ಒಂದು ಹಿತ್ತಾಳೆ ಪಿನ್ ಇದ್ದರೆ, ಅದನ್ನು ಒತ್ತಡವಿರುವಾಗಲೇ ಹೊರತೆಗೆಯುವ ಸಾಧನ ಸಿಗುತ್ತದೆ. 280 ಕಿಲೊ ಶೀತಕವನ್ನು ಆ ಪಿನ್ನಿನ ಸುತ್ತಲಿನ ಕೂದಲೆಳೆಯ ಸಂದಿಯಲ್ಲಿ ನುಸುಳಿಸಿ, ಆಮೇಲೆ ಮಷೀನನ್ನು ಬೈಯುವುದು ನ್ಯಾಯವಲ್ಲ.

ಸಿಲಿಂಡರ್‌ಗಳ ಲೆಕ್ಕ ಇನ್ನೊಂದು. 60 ಲೀಟರಿನ ಸಿಲಿಂಡರನ್ನು ನೂರಕ್ಕೆ 80ರಷ್ಟು ಮಾತ್ರ ತುಂಬಬಹುದು, ಅಂದರೆ 48 ಲೀಟರ್, ಆರ್-134ಎಗೆ ಸುಮಾರು 57 ಕಿಲೊ. ಐದು ಸಿಲಿಂಡರ್ ಎಂದರೆ ಕೊನೆಯ ತೊಟ್ಟಿಗೂ ಜಾಗ ಉಳಿಯದ ಲೆಕ್ಕ, ಆರು ಒಯ್ಯಿರಿ; ಸಿಗುವುದಾದರೆ ಒಂದು ಟನ್ ಕಂಟೈನರ್ ಬಾಡಿಗೆಗೆ ತನ್ನಿ. ಹಿಂದಿನ ದಿನವೇ ಎಲ್ಲದರ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ತೆಗೆದಿಡಬೇಕು, ಏಕೆಂದರೆ ಒಳಗುಳಿದ ಗಾಳಿ ಎಷ್ಟು ತಂಪಾದರೂ ದ್ರವವಾಗುವುದಿಲ್ಲ, ಸುಮ್ಮನೆ ಒತ್ತಡ ಏರಿಸುತ್ತಾ ಕೂರುತ್ತದೆ. ಸಿಲಿಂಡರ್ ತಣ್ಣಗಿರಬೇಕು. 30 ಡಿಗ್ರಿಯ ಚಿಲ್ಲರ್‌ನಲ್ಲಿ ಆರ್-134ಎ ಒತ್ತಡ ನಿರಪೇಕ್ಷ ಲೆಕ್ಕದಲ್ಲಿ (ಪೂರ್ಣ ಶೂನ್ಯದಿಂದ ಅಳೆದಾಗ) 7.7 ಬಾರ್, 5 ಡಿಗ್ರಿಯ ಸಿಲಿಂಡರ್‌ನಲ್ಲಿ 3.5 ಬಾರ್. ನಡುವಿನ 4 ಬಾರ್ ವ್ಯತ್ಯಾಸ ಮಷೀನ್ ಇಲ್ಲದೆಯೇ ದ್ರವವನ್ನು ತಳ್ಳುತ್ತದೆ. ಡ್ರಮ್ಮಿನಲ್ಲಿ ಐಸ್ ನೀರು ತುಂಬಿ ಅದರಲ್ಲಿ ಸಿಲಿಂಡರ್ ನಿಲ್ಲಿಸುವುದು ಹಳೆಯ ಉಪಾಯ, ಆದರೆ ಪುಶ್-ಪುಲ್‌ನಲ್ಲಿ ತೂಕ ನೋಡುವುದು ಮುಖ್ಯವಾದ್ದರಿಂದ ಡ್ರಮ್ಮನ್ನೂ ಸೇರಿಸಿ ತಕ್ಕಡಿಯ ಮೇಲಿಡಬೇಕು. ಅದೇ ಪ್ಲಾಂಟ್ ರೂಮಿನಲ್ಲಿ ಇನ್ನೊಂದು ಚಿಲ್ಲರ್ ಓಡುತ್ತಿದ್ದರೆ ಐಸ್ ಹುಡುಕಿಕೊಂಡು ಹೋಗಬೇಕಿಲ್ಲ. ಮಷೀನಿನ ಹೊರಬಾಯಿಗೂ ಸಿಲಿಂಡರ್‌ಗೂ ನಡುವೆ ಒಂದು ಸಣ್ಣ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಕೂರಿಸಿ, ಅದಕ್ಕೆ ಆ ಚಿಲ್ಲರ್‌ನ 7 ಡಿಗ್ರಿ ನೀರನ್ನು ಹಾಯಿಸಿದರೆ ಆವಿಯ ಹಂತದಲ್ಲಿ ಸಿಲಿಂಡರ್ ಕಾಯುವುದೇ ಇಲ್ಲ.

ದ್ರವ ಮುಗಿದ ಮೇಲೂ, ಒಳಗಿನ ಒಟ್ಟು ಜಾಗ ಒಂದು ಘನ ಮೀಟರ್ ಎಂದಿಟ್ಟುಕೊಂಡರೆ, 25 ಡಿಗ್ರಿಯಲ್ಲಿ 32 ಕಿಲೊ ಆವಿ ಉಳಿದಿರುತ್ತದೆ. ಮಷೀನಿನ ಗಾತ್ರ ನಿಜವಾಗಿ ಲೆಕ್ಕಕ್ಕೆ ಬರುವುದು ಈ ಹಂತದಲ್ಲಿ. ನಿಮ್ಮಲ್ಲಿರುವಂಥದ್ದೇ ಇನ್ನೊಂದು ಮಷೀನನ್ನು ಬಾಡಿಗೆಗೆ ತಂದು ಒಂದನ್ನು ಕೂಲರ್‌ಗೆ, ಇನ್ನೊಂದನ್ನು ಕಂಡೆನ್ಸರ್‌ಗೆ ಜೋಡಿಸಿದರೆ ಹೊಸದನ್ನು ಕೊಳ್ಳುವ ಅಗತ್ಯ ಬೀಳುವುದಿಲ್ಲ. ಆಯಿಲ್ ಹೀಟರನ್ನು ಚಾಲೂ ಇಟ್ಟಿರಿ, ಎಣ್ಣೆಯಲ್ಲಿ ಕರಗಿದ ಶೀತಕ ಬಿಸಿಗೆ ಹೊರಬರುತ್ತದೆ. ಎಣ್ಣೆ ಬಸಿಯುವ ಮೊದಲು ಮಾತ್ರ ಆರಿಸುವುದನ್ನು ಮರೆಯಬೇಡಿ. ಎಲೆಕ್ಟ್ರಾನಿಕ್ ಎಕ್ಸ್‌ಪ್ಯಾನ್ಶನ್ ವಾಲ್ವನ್ನು ಪೂರ್ತಿ ತೆರೆದಿಡಿ, ಸೊಲೆನಾಯ್ಡ್ ವಾಲ್ವ್‌ಗಳೂ ತೆರೆದಿರಲಿ, ಇಲ್ಲವಾದರೆ ಮುಚ್ಚಿದ ಎರಡು ವಾಲ್ವ್‌ಗಳ ನಡುವೆ ದ್ರವ ಸಿಕ್ಕಿಬಿದ್ದಿರುತ್ತದೆ. ಒತ್ತಡ ಇಳಿದ ಮೇಲೆ ಮಷೀನ್ ನಿಲ್ಲಿಸಿ ಅರ್ಧ ಗಂಟೆ ಗೇಜ್ ನೋಡಿ. ಮುಳ್ಳು ಮತ್ತೆ ಏರಿದರೆ ಎಲ್ಲೋ ದ್ರವ ಉಳಿದಿದೆ ಅಥವಾ ಎಣ್ಣೆ ಇನ್ನೂ ಬಿಡುತ್ತಿದೆ ಎಂದರ್ಥ, ಮತ್ತೊಮ್ಮೆ ಎಳೆಯಿರಿ. ಇಷ್ಟೆಲ್ಲ ಮಾಡಿದರೆ ಶನಿವಾರ ರಾತ್ರಿ 10ಕ್ಕೆ ಆರಂಭಿಸಿದವರು ಬೆಳಗಿನ ಇಡ್ಲಿಗೆ ಹೋಟೆಲಿನಲ್ಲಿರಬಹುದು.

ಪ್ರಶ್ನೆ: ಜಯನಗರದ ಕಡೆಯ ಕಟ್ಟಡವೊಂದರ ತಾರಸಿಯಲ್ಲಿ ಗಾಳಿಯಿಂದ ತಂಪಾಗುವ ಆರ್-134ಎ ಚಿಲ್ಲರ್ ಇದೆ. ಬಿಸಿಲು ಬೇಡವೆಂದು ಜನವರಿಯ ಒಂದು ರಾತ್ರಿ ಗ್ಯಾಸ್ ತೆಗೆದೆವು. ನಿರೀಕ್ಷಿಸಿದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಚಳಿಗೂ ಇದಕ್ಕೂ ಸಂಬಂಧವಿದೆಯೇ? (ಓದುಗರು, ಬನಶಂಕರಿ)

ಉತ್ತರ: ಇದೆ. ರಾತ್ರಿಯ 15 ಡಿಗ್ರಿಯಲ್ಲಿ ಆರ್-134ಎ ಆವಿ ಘನ ಮೀಟರಿಗೆ ಸುಮಾರು 24 ಕಿಲೊ ತೂಗುತ್ತದೆ, 30 ಡಿಗ್ರಿಯಲ್ಲಿ 37 ಕಿಲೊಗೂ ಹೆಚ್ಚು. ಅದೇ ಮಷೀನ್ ಒಂದು ಸುತ್ತಿಗೆ ಹಗಲಿನಲ್ಲಿ ಎಳೆಯುವುದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ನೀವು ಚಳಿಗೆ ಬಿಟ್ಟುಕೊಟ್ಟಿರಿ. ಬಿಸಿಲಿಗೆ ಬೆನ್ನೊಡ್ಡಿದ ಕಂಡೆನ್ಸರ್ ಕಾಯಿಲ್‌ಗಳು ಪುಕ್ಕಟೆ ಹೀಟರ್ ಇದ್ದಂತೆ, ಅವನ್ನು ಬಳಸಿಕೊಳ್ಳಿ. ಕೂಲರ್ ಮಾತ್ರ ದಪ್ಪ ಇನ್ಸುಲೇಶನ್ ಹೊದ್ದಿರುವುದರಿಂದ ಬಿಸಿಲು ಅದಕ್ಕೆ ತಟ್ಟುವುದಿಲ್ಲ. ನೀರಿನ ಪಂಪ್ ಓಡುತ್ತಿರಬೇಕೆಂಬ ಮೇಲಿನ ಮಾತು ಇಲ್ಲಿಯೂ ಸಲ್ಲುತ್ತದೆ.

ಆದರೆ ಚಿಲ್ಲರ್ ಬಿಸಿಲಿನಲ್ಲಿರಬೇಕೇ ಹೊರತು ಸಿಲಿಂಡರ್ ಅಲ್ಲ. 40 ಡಿಗ್ರಿಗೆ ಕಾದ ಸಿಲಿಂಡರ್‌ನಲ್ಲಿ ಒತ್ತಡ ನಿರಪೇಕ್ಷ ಲೆಕ್ಕದಲ್ಲಿ 10 ಬಾರ್ ದಾಟುತ್ತದೆ, ಅದರ ವಿರುದ್ಧ ತಳ್ಳುತ್ತಾ ಮಷೀನ್ ಬಳಲುತ್ತದೆ. ನೀರಿನ ಟ್ಯಾಂಕಿನ ನೆರಳಿನಲ್ಲಿ, ಒದ್ದೆ ಗೋಣಿಚೀಲ ಹೊದಿಸಿ, ಒಂದು ಪೆಡೆಸ್ಟಲ್ ಫ್ಯಾನಿನ ಗಾಳಿ ಬೀಳುವಂತೆ ಸಿಲಿಂಡರ್‌ಗಳನ್ನು ಇಟ್ಟರೆ ಸಾಕು. ನಮ್ಮ ಊರಿನ ಒಣ ಮಾರ್ಚ್ ತಿಂಗಳಿನಲ್ಲಿ ಒದ್ದೆ ಗೋಣಿ ಎಷ್ಟು ಚೆನ್ನಾಗಿ ತಂಪುಮಾಡುತ್ತದೆಂದು ಮಣ್ಣಿನ ಹೂಜಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ನಾನು ತರಬೇತಿಯಲ್ಲಿರುವ ಡಿಪ್ಲೊಮಾ ವಿದ್ಯಾರ್ಥಿ. ಹಳೆಯ ಆರ್-123 ಸೆಂಟ್ರಿಫ್ಯೂಗಲ್ ಚಿಲ್ಲರ್‌ನಿಂದ ಶೀತಕ ತೆಗೆಯುವಾಗ ಗೇಜಿನಲ್ಲಿ 29 ಇಂಚು ವ್ಯಾಕ್ಯೂಮ್ ಬರಬೇಕೆಂದು ಪುಸ್ತಕದಲ್ಲಿದೆ. ನಾವು ಇಡೀ ದಿನ ಓಡಿಸಿದರೂ ಮುಳ್ಳು 26ರ ಹತ್ತಿರವೇ ನಿಂತಿತು. ಸೋರಿಕೆ ಹುಡುಕುತ್ತಾ ಇನ್ನೊಂದು ದಿನ ಹೋಯಿತು, ಏನೂ ಸಿಗಲಿಲ್ಲ. (ಓದುಗರು, ಯಶವಂತಪುರ)

ಉತ್ತರ: ನಿಮಗೆ ಸಿಗದ ಸೋರಿಕೆ ಅಲ್ಲಿ ಇರಲೇ ಇಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮ ಕಡಿಮೆ ಒತ್ತಡದ ಚಿಲ್ಲರ್‌ಗಳನ್ನು 25 ಮಿಲಿಮೀಟರ್ ಪಾದರಸದ ನಿರಪೇಕ್ಷ ಒತ್ತಡಕ್ಕೆ ಇಳಿಸಬೇಕೆನ್ನುತ್ತದೆ. ಸಮುದ್ರಮಟ್ಟದ ಊರಿನಲ್ಲಿ ಅದು ಗೇಜಿನ ಮೇಲೆ 29 ಇಂಚು ಎಂದು ಕಾಣುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಮಂಡಲದ ಒತ್ತಡವೇ ಸುಮಾರು 680 ಮಿಲಿಮೀಟರ್, ಅಂದರೆ 27 ಇಂಚಿಗೂ ತುಸು ಕಡಿಮೆ. ಸಾಮಾನ್ಯ ಗೇಜ್ ಹೊರಗಿನ ಗಾಳಿಯನ್ನು ಆಧಾರವಾಗಿಟ್ಟುಕೊಂಡು ಅಳೆಯುವುದರಿಂದ, ಒಳಗೆ ಪೂರ್ಣ ಶೂನ್ಯವನ್ನೇ ಸೃಷ್ಟಿಸಿದರೂ ಇಲ್ಲಿ 27 ಇಂಚು ತಲುಪುವುದಿಲ್ಲ. ನೀವು ಕಂಡ 26 ಇಂಚು ಎಂದರೆ ಕೆಲಸ ಮುಗಿದಿತ್ತು. ಚೆನ್ನೈಯಲ್ಲೋ ಮುಂಬಯಿಯಲ್ಲೋ ಕಲಿತು ಬಂದವರೂ ಈ ಅಂಕಿಯನ್ನು ಹಾಗೆಯೇ ಹೊತ್ತು ತರುತ್ತಾರೆ, ಪಂಪುಗಳು ಸುಮ್ಮನೆ ಸವೆಯುತ್ತವೆ. ನಿರಪೇಕ್ಷ ಒತ್ತಡ ತೋರಿಸುವ ಡಿಜಿಟಲ್ ಗೇಜ್ ಒಂದನ್ನು ಕೇಳಿ ಪಡೆಯಿರಿ.

ಆರ್-123 ವಿಷಯದಲ್ಲಿ ಇನ್ನೊಂದು ಮಾತು. ಸಮುದ್ರಮಟ್ಟದಲ್ಲಿ ಅದು 27.8 ಡಿಗ್ರಿಯಲ್ಲಿ, ನಮ್ಮಲ್ಲಿ ಸುಮಾರು 25 ಡಿಗ್ರಿಯಲ್ಲಿ ಕುದಿಯುತ್ತದೆ. ಆ ಉಷ್ಣತೆಯಲ್ಲಿ ಅದರ ಆವಿ ಘನ ಮೀಟರಿಗೆ ಸುಮಾರು 6 ಕಿಲೊ, ದ್ರವ ಸುಮಾರು 1,460 ಕಿಲೊ. ಅಂದಮೇಲೆ ಇಲ್ಲಿ ಆವಿಯ ರೂಪದಲ್ಲಿ ತೆಗೆಯುತ್ತೇನೆಂದು ಹೊರಡುವುದು ಆರ್-134ಎಗಿಂತಲೂ ದೊಡ್ಡ ಹುಂಬತನ. ತಳದಿಂದ ದ್ರವವನ್ನು ಪೂರ್ತಿ ಬಸಿದುಕೊಂಡು, ಆಮೇಲೆ ಟ್ಯೂಬ್‌ಗಳಲ್ಲಿ 35-40 ಡಿಗ್ರಿಯ ಬೆಚ್ಚನೆ ನೀರು ಹರಿಸಿ ಉಳಿದದ್ದನ್ನು ಎಬ್ಬಿಸಬೇಕು. ನೀರನ್ನು ಅದಕ್ಕಿಂತ ಬಿಸಿ ಮಾಡಲು ಹೋಗಬೇಡಿ. ಈ ಚಿಲ್ಲರ್‌ಗಳ ರಕ್ಷಣೆಗೆ ಇರುವ ರಪ್ಚರ್ ಡಿಸ್ಕ್ ಸುಮಾರು 15 ಪಿಎಸ್‌ಐಗೆ ಒಡೆಯುವಂಥದ್ದು. ಅದು ಒಡೆದರೆ ನೀವು ಇಡೀ ದಿನ ಜತನದಿಂದ ಕೂಡಿಟ್ಟದ್ದು ಪೈಪಿನ ಮೂಲಕ ಆಕಾಶ ಸೇರುತ್ತದೆ.

ಪ್ರಶ್ನೆ: ಸಮಯ ಉಳಿಸಲು ಬ್ರೇಜಿಂಗ್ ಟಾರ್ಚಿನಿಂದ ಶೆಲ್ ಬಿಸಿ ಮಾಡಬಹುದೇ? ಏರ್ ಕಂಪ್ರೆಸರ್‌ನಿಂದ ಒತ್ತಡ ಕೊಟ್ಟು ದ್ರವವನ್ನು ತಳ್ಳಬಹುದೇ? (ಓದುಗರು, ಬೊಮ್ಮಸಂದ್ರ)

ಉತ್ತರ: ಎರಡೂ ಕೂಡದು. ಬೆಂಕಿಯ ಬಿಸಿಗೆ ಒಡೆದ ಶೀತಕ ಹೈಡ್ರೊಫ್ಲೋರಿಕ್ ಆಮ್ಲದ ಆವಿಯಾಗುತ್ತದೆ. ಆರ್-22ರಂತೆ ಕ್ಲೋರಿನ್ ಇರುವುದಾದರೆ ಇನ್ನೂ ಕೆಟ್ಟ ವಿಷಗಳು ಹುಟ್ಟುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಉರಿಯದ ಆರ್-134ಎ ಕೂಡ ಒತ್ತಡದಲ್ಲಿ ಗಾಳಿಯೊಂದಿಗೆ ಬೆರೆತಾಗ ಉರಿಯಬಲ್ಲದು. ಸಿಲಿಂಡರ್ ಸೇರಿದ ಗಾಳಿ ಅಲ್ಲಿಯೂ ಕೆಲಸ ನಿಧಾನ ಮಾಡುತ್ತದೆ ಎಂಬುದು ಬೇರೆ. ಬಿಸಿ ಬೇಕಾದರೆ ನೀರು, ಒತ್ತಡ ಬೇಕಾದರೆ ಅದೇ ಶೀತಕದ ಆವಿ.

ಪ್ರಶ್ನೆ: ವೈಟ್‌ಫೀಲ್ಡ್‌ನ ಕಟ್ಟಡವೊಂದರ ನಿರ್ವಹಣೆ ನನ್ನ ಜವಾಬ್ದಾರಿ. ಕೊನೆಯ ಮೂವತ್ತು ಕಿಲೊ ತೆಗೆಯಲು ಹೊತ್ತು ಬಹಳ ಹಿಡಿಯುತ್ತದೆ, ಅದನ್ನು ಹೊರಗೆ ಬಿಟ್ಟುಬಿಡೋಣ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ತೆಗೆದ ಗ್ಯಾಸನ್ನು ಮತ್ತೆ ಬಳಸಬಹುದೇ? ಅವರು ನಿಜವಾಗಿ ಎಷ್ಟು ತೆಗೆದರೆಂದು ನನಗೆ ತಿಳಿಯುವುದು ಹೇಗೆ? (ಓದುಗರು, ವೈಟ್‌ಫೀಲ್ಡ್)

ಉತ್ತರ: ಆರ್-134ಎಯ ಭೂಮಿ ಬಿಸಿಮಾಡುವ ಸಾಮರ್ಥ್ಯ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ನ 1,430 ಪಟ್ಟು. ಮೂವತ್ತು ಕಿಲೊ ಬಿಡುವುದೆಂದರೆ ಸುಮಾರು 43 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಅದು ದೂರದ ಮಾತೆನಿಸಿದರೆ ಹತ್ತಿರದ್ದನ್ನೇ ಹೇಳುತ್ತೇನೆ: ಈ ಆವಿ ಗಾಳಿಗಿಂತ ಭಾರ. ನೆಲಮಾಳಿಗೆಯಲ್ಲಿ ಬಿಟ್ಟರೆ ಅದು ನೆಲಕ್ಕೆ ಹರಡಿಕೊಂಡು, ಉಸಿರಾಟಕ್ಕೆ ಬೇಕಾದ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಬಗ್ಗಿ ಕೆಲಸ ಮಾಡುವವನಿಗೆ ತಲೆ ತಿರುಗುವವರೆಗೂ ಗೊತ್ತಾಗುವುದಿಲ್ಲ. ಹಣದ ಲೆಕ್ಕವೂ ಇದೆ. ಹೈಡ್ರೊಫ್ಲೋರೊಕಾರ್ಬನ್‌ಗಳನ್ನು ಕಡಿತಗೊಳಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ನಮ್ಮ ಬಳಕೆಗೆ 2028ರಲ್ಲಿ ಮಿತಿ ಬೀಳುತ್ತದೆ, 2032ರಿಂದ ಕಡಿತ ಆರಂಭವಾಗಿ 2047ರ ವೇಳೆಗೆ ನೂರಕ್ಕೆ 85ರಷ್ಟಾಗಬೇಕು. ನಿಮ್ಮ ಚಿಲ್ಲರ್ ಇನ್ನೂ ಹದಿನೈದು ವರ್ಷ ಓಡುವುದಿದ್ದರೆ ಅದರೊಳಗಿನ ಗ್ಯಾಸ್ ನಿಮ್ಮ ಆಸ್ತಿ.

ತೆಗೆದದ್ದನ್ನು ಅದೇ ಚಿಲ್ಲರ್‌ಗೆ, ಫಿಲ್ಟರ್ ಡ್ರೈಯರ್ ಮೂಲಕ ಹಾಯಿಸಿ, ತೇವ ಮತ್ತು ಆಮ್ಲದ ಅಂಶವನ್ನು ಪರೀಕ್ಷಿಸಿ ಮತ್ತೆ ತುಂಬಬಹುದು. ಕಂಪ್ರೆಸರ್ ಸುಟ್ಟುಹೋಗಿದ್ದರೆ ಮಾತ್ರ ಶುದ್ಧೀಕರಣಕ್ಕೆ ಕಳುಹಿಸಬೇಕು. ಬೇರೆ ಬೇರೆ ಶೀತಕಗಳನ್ನು ಒಂದೇ ಸಿಲಿಂಡರ್‌ಗೆ ಸುರಿಯಲು ಬಿಡಬೇಡಿ, ಹಾಗೆ ಬೆರೆತದ್ದನ್ನು ಯಾರೂ ಬೇರ್ಪಡಿಸಿ ಕೊಡುವುದಿಲ್ಲ.

ಎಷ್ಟು ತೆಗೆದರೆಂದು ತಿಳಿಯಲು ನಿಮಗೆ ಯಾವ ತಾಂತ್ರಿಕ ಜ್ಞಾನವೂ ಬೇಡ, ಒಂದು ತಕ್ಕಡಿ ಮತ್ತು ಒಂದು ಹಾಳೆ ಸಾಕು. ಗುತ್ತಿಗೆಯ ಕರಾರಿನಲ್ಲಿ ರಿಕವರಿಗೆ ಇಡೀ ಮೊತ್ತವನ್ನು ಒಟ್ಟಾಗಿ ಬರೆಯದೆ ಕಿಲೊ ಲೆಕ್ಕದಲ್ಲಿ ದರ ಬರೆಯಿಸಿ. ಪ್ರತಿ ಸಿಲಿಂಡರ್‌ನ ಸಂಖ್ಯೆ, ಖಾಲಿ ತೂಕ, ತುಂಬಿದ ತೂಕ, ಹೊತ್ತು ಇಷ್ಟನ್ನೂ ನಿಮ್ಮ ಕಾವಲುಗಾರರ ಎದುರಿನಲ್ಲೇ ಬರೆದು ಇಬ್ಬರೂ ಸಹಿ ಹಾಕಬೇಕು. ಫಲಕದಲ್ಲಿ 280 ಎಂದಿರುವ ಚಿಲ್ಲರ್‌ನಿಂದ 272 ಬಂದರೆ ಉಳಿದದ್ದು ಎಣ್ಣೆಯಲ್ಲಿ ಕರಗಿರಬಹುದು ಎಂದು ನಂಬಬಹುದು. 235 ಬಂದರೆ, ಒಂದೋ ಚಿಲ್ಲರ್ ಮೊದಲಿನಿಂದಲೇ ಸೋರುತ್ತಿತ್ತು, ಇಲ್ಲವೇ ಕೆಲಸ ಪೂರ್ತಿಯಾಗಿಲ್ಲ. ಮೊದಲನೆಯದೋ ಎರಡನೆಯದೋ ಎಂದು ತಿಳಿಯಲು ಕಳೆದ ಎರಡು ವರ್ಷಗಳಲ್ಲಿ ಎಷ್ಟು ಗ್ಯಾಸ್ ತುಂಬಿಸಿದ್ದೀರೆಂಬ ಬಿಲ್ಲುಗಳನ್ನು ತೆಗೆದು ನೋಡಿ, ಆಮೇಲೆ ಗುತ್ತಿಗೆದಾರರನ್ನು ಕರೆದು ಅವರ ಎದುರಿಗೇ ಗೇಜ್ ಸಿಕ್ಕಿಸಿ ಅರ್ಧ ಗಂಟೆ ಮುಳ್ಳನ್ನು ನೋಡುತ್ತಾ ಕುಳಿತುಕೊಳ್ಳಿ.